ಸೊಸೈಟಿ ವೆಬ್‌ಸೈಟಿಗೆ ಬೆಳಗಾಗೋದೇ ಐದೂವರೆಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಒಬ್ರು ಬರ್ದಿದ್ರು, ಮಳೆಗಾಲ ಹಿಡೀತು ಅಂದ್ರೆ ನಮ್ಮ ಕಡೆ ಸೊಸೈಟಿಗಳ ವೆಬ್‌ಸೈಟ್ ಕೆಟ್ಟೋಗ್ತವೆ, ಟವರ್ ಇಲ್ಲ ಕರೆಂಟ್ ಇಲ್ಲ ಅಂತ. ಟವರ್ ಕಥೆ ನಿಜ, ನಮ್ಮನೇಲೂ ಅಂಗಳದ ಮೂಲೇಲಿ ಛತ್ರಿ ಹಿಡ್ಕೊಂಡು ನಿಂತ್ರೇನೇ ಎರಡು ಕಡ್ಡಿ ಸಿಗ್ನಲ್ ಬರೋದು. ಆದ್ರೆ ಎಲ್ಲಾನೂ ಮಳೆ ಮೇಲೆ ಹಾಕ್ಬಾರ್ದು ಮಾರಾಯ್ರೇ, ವೆಬ್‌ಸೈಟ್ ಕೂತಿರೋ ಸರ್ವರ್ ಎಲ್ಲೋ ಮುಂಬೈಲಿ ಇರ್ತದೆ, ಅಲ್ಲಿಗೆ ನಮ್ಮ ಆಗುಂಬೆ ಮಳೆ ಹೋಗಲ್ಲ.

ನಮ್ಮ ದೊಡ್ಡಪ್ಪನ ಕಥೆ ಕೇಳಿ. ಅಡಿಕೆ ಮೂಟೆ ತಗೊಂಡು ಶಿವಮೊಗ್ಗಕ್ಕೆ ಹೋಗೋ ದಿನ ಅವ್ರು ನಾಲ್ಕೂವರೆಗೇ ಏಳೋದು. ಸೊಸೈಟಿಯವ್ರು (ಯಾವ್ದು ಅಂತ ಬೇಡ ಬಿಡಿ) ಆನ್‌ಲೈನ್ ಟೋಕನ್ ಮಾಡಿದಾರೆ, ಆ ದಿನದ ಟೋಕನ್ ಆ ದಿನಾನೇ ತಗೋಬೇಕು. ಐದು ಗಂಟೆಗೆ ಟೋಕನ್ ತಗೊಂಡು, ಪಿಕಪ್‌ನಲ್ಲಿ ಆರು ಮೂಟೆ ಹಾಕ್ಕೊಂಡು ಒಂಬತ್ತಕ್ಕೆ ಹೋಗಿ ನಿಂತ್ರೆ ಗೇಟಲ್ಲಿರೋ ಹುಡುಗ "ಇದು ನಿನ್ನೆ ಟೋಕನ್ ಅಲ್ವಾ ಯಜಮಾನ್ರೇ, ನಡೆಯಲ್ಲ" ಅಂದ. ಎರಡು ಸಲ ಹಿಂಗೇ ಆಯ್ತು. ನಮ್ಮ ಅಣ್ಣ ಏಳು ಗಂಟೆಗೆ ತಗೊಂಡ್ರೆ ಸರಿ ಇರ್ತದೆ, ದೊಡ್ಡಪ್ಪ ತಗೊಂಡ್ರೆ ಮಾತ್ರ ಹಿಂದಿನ ದಿನದ್ದು. ಮನೇಲಿ ಎಲ್ರೂ ಅವ್ರಿಗೆ ಫೋನ್ ಒತ್ತಕ್ಕೆ ಬರಲ್ಲ ಅಂತ ನಕ್ಕಿದ್ದೂ ಆಯ್ತು.

ನಾನು ಹನ್ನೆರಡು ವರ್ಷ ಬೆಂಗಳೂರಲ್ಲಿ ವೆಬ್‌ಸೈಟ್ ಮಾಡೋ ಕೆಲ್ಸ ಮಾಡಿ ಈಗ ಊರಿಂದಾನೇ ಮಾಡ್ತಿರೋನು, ಕೇಳಿದ ತಕ್ಷಣ ಹೊಳೀತು. ಆ ಸೈಟ್ ಮಾಡಿರೋದು ಜಾಂಗೋ ಅನ್ನೋ ಫ್ರೇಮ್‌ವರ್ಕಲ್ಲಿ, ಅಂದ್ರೆ ವೆಬ್‌ಸೈಟ್ ಕಟ್ಟೋಕೆ ಮೊದ್ಲೇ ಮಾಡಿಟ್ಟಿರೋ ಚೌಕಟ್ಟಲ್ಲಿ. ಅದ್ರಲ್ಲಿ ಸೆಟ್ಟಿಂಗ್ಸ್ ಅಂತ ಒಂದು ಫೈಲು ಇರ್ತದೆ, ಡೇಟಾಬೇಸ್ ಎಲ್ಲಿದೆ, ಪಾಸ್‌ವರ್ಡ್ ಏನು, ಟೈಮ್ ಯಾವ ದೇಶದ್ದು, ಎಲ್ಲಾ ಅಲ್ಲೇ. ಹೊಸ ಪ್ರಾಜೆಕ್ಟ್ ಶುರು ಮಾಡಿದಾಗ ಟೈಮ್ ಝೋನ್ ಯುಟಿಸಿ (ಇಡೀ ಜಗತ್ತಿಗೆ ಲೆಕ್ಕ ಇಡೋ ಟೈಮು) ಅಂತ ತಾನಾಗೇ ಬಂದಿರ್ತದೆ, ನಮ್ಮ ಟೈಮು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದ್ರೆ ನಮ್ಮಲ್ಲಿ ಬೆಳಿಗ್ಗೆ 5.30 ಆಗೋ ತನಕ ಅದ್ರ ಲೆಕ್ಕದಲ್ಲಿ ಇನ್ನೂ ನಿನ್ನೆ. ಅದನ್ನ ನಮ್ಮ ದೇಶದ ಟೈಮಿಗೆ, ಏಷ್ಯಾ ಕೋಲ್ಕತಾ ಅಂತ ಒಂದು ಸಾಲು ಬದಲಾಯಿಸ್ಬೇಕಿತ್ತು, ಮಾಡಿಲ್ಲ, ಅಷ್ಟೇ. ದೊಡ್ಡಪ್ಪಂಗೆ ಹೇಳಿದ್ರೆ "ಎಂತ ಮಾರಾಯ, ನಿಮ್ಮ ಕಂಪ್ಯೂಟ್ರಿಗೆ ಬೆಳಗಾಗೋದೇ ಐದೂವರೆಗಾ?" ಅಂದ್ರು.

ಇದು ಸಣ್ಣದು. ದೊಡ್ಡದು ಆಮೇಲೆ ಕಂಡಿದ್ದು. ಅದೇ ಸೈಟಲ್ಲಿ ಒಂದಿನ ಟೋಕನ್ ನಂಬರ್ ತಪ್ಪು ಹೊಡೆದೆ, ಹಳದಿ ಬಣ್ಣದ ಎರರ್ ಪುಟ ಬಂತು, ಕೆಳಗೆ ಸೈಟಿನ ಸೆಟ್ಟಿಂಗೆಲ್ಲಾ ಸಾಲಾಗಿ. ಅದು ಡೀಬಗ್ ಮೋಡ್, ತಪ್ಪು ಹುಡುಕೋಕೆ ಸೈಟ್ ಮಾಡೋರು ತಮ್ಮ ಲ್ಯಾಪ್‌ಟಾಪಲ್ಲಿ ಮಾತ್ರ ಆನ್ ಇಟ್ಕೋಬೇಕಾದ್ದು. ಹೆಸರಲ್ಲಿ ಪಾಸ್ ಅಂತಲೋ ಸೀಕ್ರೆಟ್ ಅಂತಲೋ ಕೀ ಅಂತಲೋ ಇದ್ರೆ ಜಾಂಗೋನೇ ಅದನ್ನ ಚುಕ್ಕಿ ಹಾಕಿ ಮುಚ್ತದೆ, ಸೈಟ್ ಮಾಡಿದ ಪುಣ್ಯಾತ್ಮ ಎಸ್ಸೆಮ್ಮೆಸ್ ಅಕೌಂಟಿನ ಪಾಸ್‌ವರ್ಡಿಗೆ ಪಿನ್ ಅಂತ ಹೆಸರಿಟ್ಟಿದ್ದ, ಹಂಗಾಗಿ ಪೂರ್ತಿ ಕಾಣ್ತಿತ್ತು. ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಅಲ್ಲೇ ನೇತುಹಾಕಿ ನೆಂಟ್ರ ಮನೆಗೆ ಹೋದಂಗೆ.

ಸೈಟ್ ಮಾಡಿದ ಹುಡುಗಂಗೆ ಫೋನ್ ಮಾಡಿದೆ. ಒಳ್ಳೇನೇ, "ಇಲ್ಲ ಸಾರ್, ಡೀಬಗ್ ಫಾಲ್ಸ್ ಅಂತಾನೇ ಕೊಟ್ಟಿದೀನಿ" ಅಂತ ಸ್ಕ್ರೀನ್‌ಶಾಟ್ ಕಳ್ಸಿದ. ಫಾಲ್ಸ್ ಅಂದ್ರೆ ಆಫ್, ಟ್ರೂ ಅಂದ್ರೆ ಆನ್. ಕೊಟ್ಟಿದ್ದೂ ಹೌದು! ಆದ್ರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ಕೋಡಿನ ಹೊರಗೆ ಸರ್ವರಲ್ಲಿ ಬರೆದಿಡೋ ಸೆಟ್ಟಿಂಗ್) ಬರೋದೆಲ್ಲಾ ಬರೀ ಅಕ್ಷರ. ಅದನ್ನ ಇವ್ನು ಪೈಥಾನಲ್ಲಿ (ಜಾಂಗೋ ಬರೆಯೋ ಭಾಷೆ) ಟ್ರೂ-ಫಾಲ್ಸ್ ಮಾಡಿ ಕೊಡೋ ಬೂಲ್ ಅಂತ ಸುತ್ತಿದ್ದ, ಪೈಥಾನಿಗೆ ಖಾಲಿ ಅಲ್ಲದ ಯಾವ ಅಕ್ಷರಗಳಾದ್ರೂ ಟ್ರೂನೇ, ಫಾಲ್ಸ್ ಅನ್ನೋ ಐದಕ್ಷರದ ಇಂಗ್ಲಿಷ್ ಪದಾನೂ ಟ್ರೂ. ಆಫ್ ಮಾಡಿದೀನಿ ಅಂದ್ಕೊಂಡು ಆರು ತಿಂಗಳು ಆನ್ ಇಟ್ಟಿದ್ದ ಪಾಪ. ಅಕ್ಷರ ಓದಿ, ಇದು ಫಾಲ್ಸಾ ಟ್ರೂನಾ ಅಂತ ಹೋಲಿಸಿ ನೋಡ್ಬೇಕು, ಎರಡೂ ಅಲ್ಲ ಅಂದ್ರೆ ಸೈಟ್ ಶುರುನೇ ಆಗ್ಬಾರ್ದು.

ಜಾಂಗೋ ಥರದ್ದೇ ಇನ್ನೊಂದು ಫ್ರೇಮ್‌ವರ್ಕ್ ಲಾರಾವೆಲ್ ಬಳಸೋರಿಗೆ ಬೇರೆ ಥರ ಕಾಟ, ಕಾನ್ಫಿಗ್ ಕ್ಯಾಶ್ ಮಾಡಿಟ್ಮೇಲೆ (ಸೆಟ್ಟಿಂಗಿನ ಒಂದು ನಕಲು ತೆಗೆದಿಟ್ಮೇಲೆ) ಸೆಟ್ಟಿಂಗ್ ಬರೆದಿಡೋ ಎನ್ವ್ ಫೈಲಲ್ಲಿ ಎಷ್ಟು ತಿದ್ದಿದ್ರೂ ಇನ್ನೊಂದ್ಸಲ ಕ್ಯಾಶ್ ಮಾಡೋ ತನಕ ಹಳೇದೇ ನಡೀತಿರ್ತದೆ.

ಇದ್ರ ಹಿಂದಿನ ವಿಚಾರ ನಮ್ಮ ತೋಟದವ್ರಿಗೆ ಹೊಸದೇನಲ್ಲ. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡಿಯೋಕೆ ಬರೋರು ಪಂಪ್ ಅವ್ರದ್ದು ತರ್ತಾರೆ, ಮೈಲುತುತ್ತ ಸುಣ್ಣ ನೀರು ತೋಟದೋರ್ದು. ನಮ್ಮ ಮೈಲುತುತ್ತ ಅವ್ರ ಪಂಪಲ್ಲೇ ತುಂಬಿಟ್ಟು ಊರೂರು ತಿರುಗ್ಸಿದ್ರೆ ಬಿಡ್ತೀವಾ? ಕೋಡ್ ಅನ್ನೋದು ಪಂಪ್, ಸೆಟ್ಟಿಂಗ್ ಅನ್ನೋದು ಡ್ರಮ್ಮಲ್ಲಿರೋದು. 2011ರಲ್ಲಿ ಬೇರೆಯವ್ರ ವೆಬ್‌ಸೈಟ್ ನಡೆಸಿಕೊಡೋ ಹೆರೋಕು ಕಂಪನಿಯೋರು ಟ್ವೆಲ್ವ್ ಫ್ಯಾಕ್ಟರ್ ಅಂತ ಹನ್ನೆರಡು ಸೂತ್ರ ಬರೆದಿಟ್ರಲ್ಲ, ಅದ್ರಲ್ಲಿ ಮೂರನೇದೇ ಇದು, ಸೆಟ್ಟಿಂಗನ್ನ ಕೋಡಿಂದ ಹೊರಗಿಡಿ ಅಂತ. ಗಿಟ್‌ಗೆ (ಕೋಡಿನ ಪ್ರತಿ ಬದಲಾವಣೆನೂ ನೆನಪಿಡೋ ಸಾಫ್ಟ್‌ವೇರ್) ಒಂದ್ಸಲ ಪಾಸ್‌ವರ್ಡ್ ಹಾಕಿದ್ರೆ ಮಾರನೇ ದಿನ ಅಳಿಸಿದ್ರೂ ಹಿಸ್ಟರಿಯಲ್ಲಿ ಕೂತಿರ್ತದೆ, ಪಾಸ್‌ವರ್ಡೇ ಬದಲಾಯಿಸ್ಬೇಕು, ಬೇರೆ ದಾರಿ ಇಲ್ಲ.

ಇನ್ನೊಂದು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಕಲಸಿದ್ಮೇಲೆ ಚಾಕು ಅದ್ದಿ ನೋಡ್ತೀವಿ, ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಸಾಲ್ದು ಅಂತ, ಮರಕ್ಕೆ ಹೊಡೆದ್ಮೇಲೆ ನೋಡಲ್ಲ. ಜಾಂಗೋದಲ್ಲೂ ಚೆಕ್ ಡಿಪ್ಲಾಯ್ ಅಂತ ಒಂದು ಕಮಾಂಡ್ ಇದೆ, ಡೀಬಗ್ ಆನ್ ಇದೆ, ಸೀಕ್ರೆಟ್ ಕೀ (ಸೈಟ್ ತನ್ನ ಸಹಿ ಹಾಕೋಕೆ ಬಳಸೋ ಗುಟ್ಟಿನ ಅಕ್ಷರಗಳು) ಶುರುನಲ್ಲಿ ಕೊಟ್ಟ ಜಾಂಗೋ ಇನ್‌ಸೆಕ್ಯೂರ್ ಅಂತಿರೋದನ್ನೇ ಬಿಟ್ಟಿದೀಯ ಅಂತ ಬಾಯ್ಬಿಟ್ಟು ಹೇಳ್ತದೆ. ಆ ಕೀ ಸಿಕ್ಕೋನಿಗೆ ಸೈಟೇ ಸಹಿ ಹಾಕಿದಂಗೆ ಸುಳ್ಳು ಮಾಹಿತಿ ಹುಟ್ಟಿಸೋಕೆ ದಾರಿ ಆಗ್ತದೆ. ಟೈಮ್ ಝೋನ್ ಮಾತ್ರ ಅದೂ ಹೇಳಲ್ಲ, ಅದು ನಮ್ಮ ತಲೆಗೇ ಬಿಟ್ಟಿದ್ದು.

ಹುಡುಗನ್ನ ಬೈದು ಪ್ರಯೋಜನ ಇಲ್ಲ, ಅವ್ನಿಗೆ ಕೊಟ್ಟಿದ್ದ ದುಡ್ಡು ಕೇಳಿದ್ರೆ ನೀವೇ ನಗ್ತೀರ. ತಪ್ಪು ಕಮಿಟಿಯೋರ್ದೂ ಇದೆ. ಬಿಲ್ ಪಾಸ್ ಮಾಡೋವಾಗ ಹೋಮ್ ಪೇಜಲ್ಲಿ ಅಧ್ಯಕ್ಷರ ಫೋಟೋ ದೊಡ್ಡದಾಗಿ ಬಂದಿದ್ಯಾ ನೋಡ್ತಾರೆ, ಸೆಟ್ಟಿಂಗ್ ಏನೇನಿದೆ, ಪಾಸ್‌ವರ್ಡ್ ಯಾರ ಹತ್ರ ಇದೆ, ಈ ಹುಡುಗ ನಾಳೆ ಬೆಂಗ್ಳೂರಿಗೆ ಹೋದ್ರೆ ಏನ್ಗತಿ ಅಂತ ಒಬ್ರೂ ಕೇಳಿಲ್ಲ. ಸೆಪ್ಟೆಂಬರಲ್ಲಿ ಮಹಾಸಭೆಗಳು ಬರ್ತವೆ, ಸದಸ್ಯರು ಊಟದ ಎಲೆ ಹಾಕೋಕ್ ಮುಂಚೆ ಇದೊಂದನ್ನ ಎದ್ದು ನಿಂತು ಕೇಳಿ. ಸೆಟ್ಟಿಂಗ್ ಹೆಸರುಗಳ ಒಂದು ಪಟ್ಟಿ, ಎದುರಿಗೆ ಏನು ಕೊಟ್ಟಿದೆ ಅನ್ನೋದು ಬರೀದೆ ಖಾಲಿ ಬಿಟ್ಟು, ಆಫೀಸಲ್ಲಿ ಇರ್ಬೇಕು. ಪಾಸ್‌ವರ್ಡ್‌ಗಳು ಬೇರೆ ಕವರಲ್ಲಿ ಕಾರ್ಯದರ್ಶಿ ಹತ್ರ.

ನಮ್ಮ ಸೊಸೈಟಿ ಸೈಟು ಈಗ ಸರಿ ಆಗಿದೆ, ಪಿನ್ನೂ ಬದಲಾಯಿಸಿದ್ರು, ಟೈಮೂ ಸರಿ. ದೊಡ್ಡಪ್ಪ ಮಾತ್ರ ನಂಬಲ್ಲ, ಈಗ್ಲೂ ನಾಲ್ಕೂವರೆಗೆ ಎದ್ದು ಕಾಫಿ ಕುಡ್ದು ಗಡಿಯಾರ ನೋಡ್ಕೊಂಡು ಕೂತು, ಆರಾದ್ಮೇಲೇ ಟೋಕನ್ ಒತ್ತೋದು.

ಇಂತಿ,
ಒಬ್ಬ ಅಡಿಕೆ ಬೆಳೆಗಾರ ಕಂ ಪ್ರೋಗ್ರಾಮರ್
ತೀರ್ಥಹಳ್ಳಿ ತಾಲೂಕು