ಮೊದಲು ಪುಸ್ತಕ, ಆಮೇಲೆ ಬೆಲೆ

ಪ್ರೀತಿಯ ಪುಟ್ಟಿ,

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲೇ ಕೂತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ನೋವು ಕಮ್ಮಿಯಾಗಿದೆಯಂತೆ, ಬೇಜಾರು ಜಾಸ್ತಿಯಾಗಿದೆಯಂತೆ. ಫೋನಿನಲ್ಲಿ ಓದಲು ಒಳ್ಳೇ ಇ-ಬುಕ್ ಕಮ್ಮಿ ದುಡ್ಡಿಗೆ ಎಲ್ಲಿ ಸಿಗುತ್ತದೆ ಅಂತ ಕೇಳಿದ ನಿನ್ನ ಮೆಸೇಜೂ ನೋಡಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂತ ಬರೆಯಲು ಕೂತೆ. ಹೇಗೂ ನಿನಗೆ ಓದಲು ಪುರುಸೊತ್ತಿದೆಯಲ್ಲ!

ಕಮ್ಮಿ ಬೆಲೆಯದ್ದನ್ನು ಹುಡುಕಿಕೊಂಡು ಹೊರಟರೆ ಕಮ್ಮಿ ಬೆಲೆಯದ್ದು ಬೇಕಾದಷ್ಟು ಸಿಗುತ್ತದೆ. ಅದರಲ್ಲಿ ಓದಿ ಮುಗಿಸುವಂಥದ್ದು ಎಷ್ಟು? ಫೋನ್ ತುಂಬ ಇಳಿಸಿಕೊಂಡು ಒಂದನ್ನೂ ತೆರೆಯದ ಜನರನ್ನು ನಾನು ತುಂಬಾ ನೋಡಿದ್ದೇನೆ. ಮೊದಲು ಯಾವ ಪುಸ್ತಕ ಬೇಕು ಅಂತ ಗೊತ್ತುಮಾಡಿಕೊ. ಹೆಸರು ಕೈಯಲ್ಲಿದ್ದರೆ ಆಮೇಲೆ ದುಡ್ಡಿನ ತೊಂದರೆ ಅಷ್ಟಾಗಿ ಬರುವುದಿಲ್ಲ.

ಹೆಸರು ಎಲ್ಲಿಂದ ತರುವುದು ಅಂತೀಯಾ? ನೀನು ಈಚೆಗೆ ಓದಿ ಮೆಚ್ಚಿದ ಪುಸ್ತಕದ ಕೊನೇ ಪುಟಗಳನ್ನು ತೆಗೆ. ಎಲ್ಲರೂ ಬಿಟ್ಟುಬಿಡುವ ಪುಟಗಳು ಅವು. ಬರೆದವರು ಯಾವ ಪುಸ್ತಕಗಳಿಂದ ಕಲಿತರು, ಯಾರ ಋಣ ತಮ್ಮ ಮೇಲಿದೆ ಅಂತ ಅಲ್ಲಿ ಹೇಳಿಕೊಂಡಿರುತ್ತಾರೆ. ಒಂದೇ ವಿಷಯದ ಹಿಂದೆ ವರ್ಷಗಟ್ಟಲೆ ಓಡಾಡಿದ ಮನುಷ್ಯ ಆರಿಸಿಕೊಟ್ಟ ಪಟ್ಟಿ ಅದು. ಅನುವಾದ ಓದಿದ್ದರೆ ಅನುವಾದಕರ ಹೆಸರು ಹಿಡಿದು ಹುಡುಕು. ಒಳ್ಳೇ ಅನುವಾದಕರು ಕೆಟ್ಟ ಪುಸ್ತಕಕ್ಕೆ ಕೈಹಾಕುವುದು ಅಪರೂಪ. ಮೂಲ ಲೇಖಕರು ಯಾರೆಂದು ತಿಳಿಯದಿದ್ದರೂ ಅವರನ್ನು ನಂಬಿ ಓದಬಹುದು. ನನಗೆ ಎಷ್ಟೋ ದೇಶದ ಲೇಖಕರ ಪರಿಚಯ ಆದದ್ದು ಹೀಗೆಯೇ.

ಅಂಗಡಿಯ ಆ್ಯಪ್ 'ನಿಮಗಾಗಿ' ಅಂತ ತೋರಿಸುವುದನ್ನು ಜಾಸ್ತಿ ಹಚ್ಚಿಕೊಳ್ಳಬೇಡ. ಅಲ್ಲಿ ಮುಂದೆ ಬರುವುದು ಮಾರಾಟ ಆಗುತ್ತಿರುವ ಪುಸ್ತಕ. ವಿಮರ್ಶೆ ಓದುವುದಾದರೆ ಮೂರು ಸ್ಟಾರ್ ಕೊಟ್ಟವರದ್ದನ್ನು ಓದು. ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎರಡನ್ನೂ ಹೇಳುವ ವ್ಯವಧಾನ ಅವರಿಗೇ ಇರುವುದು.

ಇನ್ನು ಪುಕ್ಕಟೆ ಪುಸ್ತಕಗಳ ವಿಷಯ. ಹಳೇ ಕಾದಂಬರಿ, ಕಥೆ, ಪ್ರವಾಸಕಥನ ಬೇಕಾದರೆ ಇ-ಬುಕ್ ಪುಕ್ಕಟೆ ಕೊಡುವ ವೆಬ್‌ಸೈಟ್ ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ ಹೋಗು. 1971ರಲ್ಲಿ ಮೈಕಲ್ ಹಾರ್ಟ್ ಎಂಬ ಹುಡುಗ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕೂತು ಟೈಪ್ ಮಾಡಿದ. ಅಲ್ಲಿಂದ ಶುರುವಾಗಿದ್ದು ಇವತ್ತು 70 ಸಾವಿರ ಪುಸ್ತಕ ದಾಟಿದೆ. ಬಹುಪಾಲು ಇಂಗ್ಲಿಷ್. ಅದೇ ಥರದ ಹಳೇ ಪುಸ್ತಕಗಳನ್ನು ತಪ್ಪು ತಿದ್ದಿ, ಅಕ್ಷರ ಜೋಡಣೆ ಚೆನ್ನಾಗಿ ಮಾಡಿ ಕೊಡುವವರು ಸ್ಟ್ಯಾಂಡರ್ಡ್ ಇ-ಬುಕ್ಸ್‌ನವರು. ಪುಸ್ತಕ ಎರಡೂ ಕಡೆ ಇದ್ದರೆ ಇಲ್ಲಿಂದಲೇ ತಗೋ, ಕಣ್ಣಿಗೆ ಹಿತ. ಕಣ್ಣು ಸೋತಾಗ ಕೇಳಲು ಲಿಬ್ರಿವಾಕ್ಸ್ ಇದೆ. 2005ರಿಂದ ಊರೂರಿನ ಜನ ಸಂಬಳವಿಲ್ಲದೆ ಓದಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಓದುವ ದನಿ ಒಬ್ಬರದ್ದು ಚೆನ್ನಾಗಿದ್ದರೆ ಇನ್ನೊಬ್ಬರದ್ದು ನಿದ್ದೆ ಬರಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೂ ಒಳ್ಳೆಯದೇ.

ಇವೆಲ್ಲ ಪುಕ್ಕಟೆ ಹೇಗೆ ಅಂತ ಗೊತ್ತಿದ್ದರೆ ಹುಡುಕುವುದು ಸುಲಭ. ಪುಸ್ತಕದ ಹಕ್ಕು, ಅಂದ್ರೆ ಕಾಪಿರೈಟ್, ಒಂದು ದಿನ ಮುಗಿಯುತ್ತದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಯುರೋಪಿನ ಬಹಳಷ್ಟು ದೇಶಗಳಲ್ಲಿ 70 ವರ್ಷ. ಅಮೆರಿಕದಲ್ಲಿ ಹಳೇ ಪುಸ್ತಕಗಳಿಗೆ ಪ್ರಕಟವಾದ ಮೇಲೆ 95 ವರ್ಷ. 1930ರಲ್ಲಿ ಅಚ್ಚಾದವು ಅಲ್ಲಿ 2026ರ ಜನವರಿ 1ಕ್ಕೆ ಎಲ್ಲರ ಸ್ವತ್ತಾದವು. ಆದರೆ ಅನುವಾದದ ಹಕ್ಕು ಬೇರೆ ಲೆಕ್ಕ. ರಷ್ಯನ್ ಕಾದಂಬರಿ ನೂರೈವತ್ತು ವರ್ಷ ಹಳೆಯದಿದ್ದರೂ ಹೋದ ವರ್ಷದ ಅನುವಾದ ಪುಕ್ಕಟೆ ಆಗುವುದಿಲ್ಲ. ಪುಕ್ಕಟೆ ಸಿಗುವ ಅನುವಾದ ಹಳೇ ಕಾಲದ್ದಾಗಿರುತ್ತದೆ, ಭಾಷೆ ಬಿಗಿಯಾಗಿರುತ್ತದೆ. ಆ ಕಾದಂಬರಿಯೇ ಬೋರು ಅಂತ ತೀರ್ಮಾನಿಸುವ ಮೊದಲು ಬೇರೆ ಅನುವಾದದ ನಾಲ್ಕು ಪುಟ ಓದಿ ನೋಡು.

ಪುಕ್ಕಟೆ ಇರುವ ಅದೇ ಪಠ್ಯಕ್ಕೆ ಹೊಸ ಮುಖಪುಟ ಅಂಟಿಸಿ ಅಂಗಡಿಗಳಲ್ಲಿ ದುಡ್ಡಿಗೆ ಮಾರುವವರೂ ಇದ್ದಾರೆ. ಹಳೇ ಪುಸ್ತಕ ಕೊಳ್ಳುವ ಮುಂಚೆ ಗುಟೆನ್‌ಬರ್ಗ್‌ನಲ್ಲಿ ಒಮ್ಮೆ ಹೆಸರು ಹಾಕಿ ನೋಡು.

ಕನ್ನಡದ ಹಳೇ ಪುಸ್ತಕಗಳ ಸ್ಕ್ಯಾನ್ ಆನ್‌ಲೈನ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ಇವೆ. ಹುಡುಕಲು ಸ್ವಲ್ಪ ತಾಳ್ಮೆ ಬೇಕು. ಕನ್ನಡದಲ್ಲಿ ಬರೆದು ಸಿಗದಿದ್ದರೆ ಅದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕು. 'ಆ'ಗೆ ಒಂದು ಎ, ಇಲ್ಲಾಂದ್ರೆ ಎರಡು ಎ. 'ಶ'ಗೆ ಎಚ್ ಇಟ್ಟು, ಬಿಟ್ಟು. ಪಟ್ಟಿ ಮಾಡಿದವರು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಸಿಕ್ಕಿದ ಮೇಲೆ ಮೊದಲಿನ, ನಡುವಿನ, ಕೊನೆಯ ಪುಟ ತೆರೆದು ನೋಡು. ಪುಟ ತಪ್ಪಿದ್ದು, ಸೊಟ್ಟಗೆ ಬಂದಿದ್ದು, ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಸಾಲಿನ ಮೇಲೇ ಕೂತಿದ್ದು ಎಲ್ಲ ಇರುತ್ತವೆ. ಪತ್ತೇದಾರಿ ಕಾದಂಬರಿಯಲ್ಲಿ ಕೊನೇ ಪುಟ ಇಲ್ಲದಿದ್ದರೆ ನಿನ್ನ ಗತಿ ಏನು?

ಹೊಸ ಪುಸ್ತಕಗಳಿಗೆ ಎರವಲೇ ಒಳ್ಳೇ ದಾರಿ. ನಿನ್ನ ಲೈಬ್ರರಿ, ಲೈಬ್ರರಿಗಳ ಇ-ಬುಕ್ ಎರವಲು ಕೊಡುವ ಲಿಬ್ಬಿ ಆ್ಯಪ್‌ನಲ್ಲಿ ಇದೆಯಾ ಅಂತ ನೋಡು. ಇದ್ದರೆ ಕಾರ್ಡ್ ನಂಬರ್ ಸಾಕು, ಮಂಚದಿಂದ ಇಳಿಯದೆ ಪುಸ್ತಕ ಬರುತ್ತದೆ, ಅವಧಿ ಮುಗಿದಾಗ ತಾನಾಗಿಯೇ ವಾಪಸ್ ಹೋಗುತ್ತದೆ. ಇ-ಬುಕ್‌ಗೂ ಸರದಿ ಯಾಕೆ ಅಂತ ಸಿಟ್ಟು ಬರಬಹುದು. ಸಾಮಾನ್ಯವಾಗಿ ಒಂದು ಪ್ರತಿಯ ಲೈಸೆನ್ಸ್‌ಗೆ ಒಂದು ಸಲಕ್ಕೆ ಒಬ್ಬರೇ ಓದುಗರು. ಹಾರ್ಪರ್‌ಕಾಲಿನ್ಸ್ ಪ್ರಕಾಶನವಂತೂ 2011ರಲ್ಲಿ 26 ಸಲ ಎರವಲು ಹೋದ ಮೇಲೆ ಲೈಬ್ರರಿ ಮತ್ತೆ ದುಡ್ಡು ಕಟ್ಟಬೇಕು ಅಂದಿತು. ಅದಕ್ಕೇ ಈಗಲೇ ನಾಲ್ಕೈದು ಪುಸ್ತಕಕ್ಕೆ ಹೆಸರು ಬರೆಸಿಡು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರಲಿ.

ಇಂಟರ್ನೆಟ್ ಆರ್ಕೈವ್ ಕೂಡ ಹಕ್ಕು ಮುಗಿಯದ ಪುಸ್ತಕಗಳನ್ನು ಎರವಲು ಕೊಡುತ್ತಿತ್ತು. 2020ರಲ್ಲಿ ಎಲ್ಲರೂ ಮನೆಯಲ್ಲಿ ಸಿಕ್ಕಿಹಾಕಿಕೊಂಡಾಗ ಸರದಿಯನ್ನೇ ತೆಗೆದುಹಾಕಿತು. ನಾಲ್ಕು ದೊಡ್ಡ ಪ್ರಕಾಶನಗಳು ಕೋರ್ಟಿಗೆ ಹೋದವು, ಗೆದ್ದವು. ಸುಮಾರು 5 ಲಕ್ಷ ಪುಸ್ತಕಗಳು ಎರವಲು ಪಟ್ಟಿಯಿಂದ ಹೋದವು. ಮೊದಲು ಇದ್ದದ್ದು ಈಗ ಕಾಣುತ್ತಿಲ್ಲ ಅಂತ ಒದ್ದಾಡಬೇಡ, ಕಾರಣ ಇದು.

ದುಡ್ಡು ಕೊಟ್ಟು ಕೊಳ್ಳುವುದಿದ್ದರೆ ಸ್ಯಾಂಪಲ್ ಓದದೆ ಕೊಳ್ಳಬೇಡ. ಸ್ಯಾಂಪಲ್ ಮುಗಿದ ಜಾಗದಲ್ಲಿ 'ಛೇ, ನಿಂತುಹೋಯ್ತಲ್ಲ' ಅನಿಸಿದರೆ ಕೊಳ್ಳು. ಅನಿಸದಿದ್ದರೆ ಆ ಪುಸ್ತಕ ನಿನಗೆ ಬೇಡ, ಎಷ್ಟೇ ಸೋವಿ ಇರಲಿ. ಅವಸರ ಇಲ್ಲದವನ್ನು ವಿಶ್‌ಲಿಸ್ಟ್‌ಗೆ ಹಾಕಿಡು. ಇ-ಬುಕ್ ಬೆಲೆ ಸುಮ್ನೆ ಏರುತ್ತಾ ಇಳಿಯುತ್ತಾ ಇರುತ್ತದೆ. ತಿಂಗಳ ಚಂದಾ ಕಟ್ಟುವ ಮೊದಲು ನಿನ್ನ ಪಟ್ಟಿಯಲ್ಲಿರುವ ಹೆಸರುಗಳು ಆ ಚಂದಾದಲ್ಲಿ ಎಷ್ಟಿವೆ ಅಂತ ಒಂದೊಂದಾಗಿ ಹಾಕಿ ನೋಡು. ಲಕ್ಷಗಟ್ಟಲೆ ಪುಸ್ತಕ ಇದ್ದು ನಿನಗೆ ಬೇಕಾದ ಎರಡೂ ಇಲ್ಲದಿದ್ದರೆ ಏನುಪಯೋಗ?

ಪರಿಚಯವಿಲ್ಲದ ಲೇಖಕರ ಅಗ್ಗದ ಪುಸ್ತಕವಾದರೆ ಪರಿವಿಡಿ ನೋಡು. ಹತ್ತು ಅಧ್ಯಾಯದ ಹೆಸರೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದು, ಅದೇ ಲೇಖಕರ ಹೆಸರಲ್ಲಿ ಒಂದೇ ತಿಂಗಳಲ್ಲಿ ಅಡುಗೆ, ಷೇರು, ಯೋಗ ಮೂರರ ಮೇಲೂ ಪುಸ್ತಕ ಬಂದಿದ್ದರೆ ಯಂತ್ರ ಬರೆದಿರುವ ಸಾಧ್ಯತೆಯೇ ಜಾಸ್ತಿ. ಇಂಥವು ಎಷ್ಟು ಹೆಚ್ಚಾದವೆಂದರೆ 2023ರಲ್ಲಿ ಅಮೆಜಾನ್ ಸ್ವಂತವಾಗಿ ಪ್ರಕಟಿಸುವವರಿಗೆ ದಿನಕ್ಕೆ ಮೂರೇ ಹೊಸ ಪುಸ್ತಕ ಅಂತ ಮಿತಿ ಹಾಕಿತು. ದಿನಕ್ಕೆ ಮೂರು! ಅದೂ ಮಿತಿಯಂತೆ.

ಇನ್ನೊಂದು ಗೊತ್ತಿರಲಿ. ದೊಡ್ಡ ಅಂಗಡಿಯಲ್ಲಿ ಇ-ಬುಕ್ ಕೊಂಡರೆ ನಿನ್ನ ಕೈಗೆ ಬರುವುದು ಸಾಮಾನ್ಯವಾಗಿ ಓದುವ ಲೈಸೆನ್ಸ್ ಮಾತ್ರ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಪುಸ್ತಕದಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಹೋದವು. ದುಡ್ಡು ವಾಪಸ್ ಕೊಟ್ಟರು ಅನ್ನು. ಬೇಕಾದಲ್ಲಿ ನಕಲು ಮಾಡಿಟ್ಟುಕೊಳ್ಳಬಹುದಾದ, ಲಾಕ್ ಇಲ್ಲದ ಇಪಬ್ (ಇ-ಬುಕ್‌ನ ಒಂದು ನಮೂನೆ) ಫೈಲ್ ಕೊಡುವ ಪ್ರಕಾಶಕರು ಸಿಕ್ಕರೆ ಅವರಿಂದಲೇ ಕೊಳ್ಳು. ಕ್ಯಾಲಿಬರ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಜೋಡಿಸಿಟ್ಟುಕೊ.

ಇಪಬ್, ಪಿಡಿಎಫ್ ಎರಡೂ ಇದ್ದರೆ ಫೋನಿಗೆ ಇಪಬ್ಬೇ ಸರಿ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಪರದೆಗೆ ಹೊಂದಿಕೊಳ್ಳುತ್ತದೆ. ಪಿಡಿಎಫ್‌ನಲ್ಲಿ ಪ್ರತಿ ಸಾಲಿಗೂ ಬೆರಳಿನಿಂದ ಎಡಕ್ಕೆ ಬಲಕ್ಕೆ ಎಳೆಯಬೇಕು, ಕಿಟಕಿ ಸಂದಿಯಿಂದ ಮೆರವಣಿಗೆ ನೋಡಿದ ಹಾಗೆ. ಪಿಡಿಎಫ್ ಒಂದೇ ಗತಿ ಅಂದ್ರೆ ಫೋನನ್ನು ಅಡ್ಡ ಹಿಡಿ.

ಗ್ರೂಪುಗಳಲ್ಲಿ ಹರಿದಾಡುವ ಕದ್ದ ಪಿಡಿಎಫ್ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಬದುಕಿರುವ ಲೇಖಕರದ್ದಾದರೆ ಮುಟ್ಟಬೇಡ. ಕನ್ನಡದಂಥ ಸಣ್ಣ ಮಾರುಕಟ್ಟೆಯಲ್ಲಿ ನೂರು ಪ್ರತಿ ಹೆಚ್ಚು ಹೋದರೇನೇ ಲೇಖಕರ ಮುಂದಿನ ಪುಸ್ತಕ ಬಂದೀತು. ದುಡ್ಡಿಲ್ಲದಿದ್ದರೆ ನನಗೆ ಹೇಳು, ಕೊಡಿಸುತ್ತೇನೆ.

ಸದ್ಯಕ್ಕೆ ಎರಡು ಪುಸ್ತಕ ಆರಿಸಿಕೊ, ಒಂದು ಹಗಲಿಗೆ, ಒಂದು ರಾತ್ರಿ ನಿದ್ದೆ ಬಾರದ ಹೊತ್ತಿಗೆ. ಐವತ್ತು ಪುಟ ಓದಿಯೂ ಹಿಡಿಸದಿದ್ದರೆ ಮುಲಾಜಿಲ್ಲದೆ ಬಿಡು. ಯಾವುದು ಅಂತ ನನಗೂ ಬರೆ, ರಾತ್ರಿಯದ್ದನ್ನು ನಾನೂ ಇಳಿಸಿಕೊಳ್ಳುತ್ತೇನೆ. ಲೈಬ್ರರಿ ಕಾರ್ಡಿನ ಅವಧಿ ಮುಗಿದಿದೆಯೋ ಏನೋ, ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳು.

ಇಂತಿ,
ನಿನ್ನ ದೊಡ್ಡಮ್ಮ