ಫಾರ್ಮ್ಯಾಟ್ ಮಾಡಿಸುವ ಮೊದಲು ರ‍್ಯಾಮ್ ಪರೀಕ್ಷೆ ಮಾಡಿ

ಸಂಪಾದಕರಿಗೆ ನಮಸ್ಕಾರ.

ಕಂಪ್ಯೂಟರ್ ದಿನಕ್ಕೆ ನಾಲ್ಕು ಸಲ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ಏನು ಮಾಡಲಿ ಎಂದು ಓದುಗರೊಬ್ಬರು ಕೇಳಿದ ಪ್ರಶ್ನೆಗೆ ನಿಮ್ಮ ತಂತ್ರಜ್ಞಾನ ಅಂಕಣದಲ್ಲಿ ಬಂದ ಉತ್ತರ ಓದಿದೆ. ವೈರಸ್ ಸ್ಕ್ಯಾನ್ ಮಾಡಿ, ಡ್ರೈವರ್ (ಕಂಪ್ಯೂಟರಿನ ಭಾಗಗಳನ್ನು ನಡೆಸುವ ಪ್ರೋಗ್ರಾಮ್) ಅಪ್‌ಡೇಟ್ ಮಾಡಿ, ಸರಿಹೋಗದಿದ್ದರೆ ಫಾರ್ಮ್ಯಾಟ್ ಮಾಡಿಸಿ ಎಂದಿತ್ತು. ರ‍್ಯಾಮ್ (ಕೆಲಸ ನಡೆಯುವಾಗ ಕಂಪ್ಯೂಟರ್ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ) ಬಗ್ಗೆ ಒಂದು ಮಾತೂ ಇರಲಿಲ್ಲ. ಇದೇ ಸಲಹೆ ನಂಬಿ ಎರಡು ತಿಂಗಳು ಒದ್ದಾಡಿದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಪುಸ್ತಕಗಳಿಗೆ ಡಿಟಿಪಿ ಮಾಡುವುದು ನನ್ನ ಕೆಲಸ. ಹಸ್ತಪ್ರತಿ ಟೈಪ್ ಮಾಡಿ, ಪುಟ ಕಟ್ಟಿ, ಕರಡು ತಿದ್ದಿ ಕೊಡುತ್ತೇನೆ. ನನ್ನ ಡೆಸ್ಕ್‌ಟಾಪಿನಲ್ಲಿ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್‌ಗಳಿದ್ದವು. ಮೊದಮೊದಲು ವಾರಕ್ಕೊಮ್ಮೆ ಬ್ಲೂ ಸ್ಕ್ರೀನ್ (ವಿಂಡೋಸ್ ದಿಢೀರನೆ ನಿಂತಾಗ ತೋರಿಸುವ ನೀಲಿ ಪರದೆ) ಬರುತ್ತಿತ್ತು. ಆಮೇಲೆ ದಿನಕ್ಕೆ ಮೂರು ಸಲ ಆಯಿತು. ಪ್ರತಿ ಸಲವೂ ಅದರಲ್ಲಿ ತೊಂದರೆಗೆ ಬೇರೆ ಬೇರೆ ಹೆಸರು: ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಒಮ್ಮೆ ಪೇಜ್ ಫಾಲ್ಟ್, ಇನ್ನೊಮ್ಮೆ ಮತ್ತೇನೋ. ಈಗ ಗೊತ್ತಿರುವುದು ಆಗ ಗೊತ್ತಿದ್ದರೆ ಅಲ್ಲೇ ಅನುಮಾನ ಬರಬೇಕಿತ್ತು. ಒಂದು ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ದೂರು ಮತ್ತೆ ಮತ್ತೆ ಬರುತ್ತದೆ. ದೂರು ಪ್ರತಿ ಸಲ ಬದಲಾಗುತ್ತಿದ್ದರೆ, ಎಲ್ಲ ಪ್ರೋಗ್ರಾಮ್‌ಗಳೂ ಹಾದು ಹೋಗುವ ಜಾಗದಲ್ಲೇ ತೊಂದರೆ ಇರಬಹುದು. ಆ ಜಾಗ ರ‍್ಯಾಮ್.

ರಿಪೇರಿಯವರು ವೈರಸ್ ಎಂದರು, ಫಾರ್ಮ್ಯಾಟ್ ಮಾಡಿದರು. ವಿಂಡೋಸ್ ಹಾಕುವಾಗ ಅರ್ಧಕ್ಕೆ ನಿಂತು, ಫೈಲ್ ಹಾಳಾಗಿದೆ ಎಂಬ ಸಂದೇಶ ಬಂತು. ಎರಡನೇ ಸಲ ಹಾಕಿದಾಗ ಆಯಿತು. ಅದೇ ಪೆನ್‌ಡ್ರೈವ್, ಅದೇ ಫೈಲ್. ಒಮ್ಮೆ ಹಾಳು, ಒಮ್ಮೆ ಸರಿ ಹೇಗಾಗುತ್ತದೆ? ಹೊಸ ವಿಂಡೋಸಿನ ಪ್ರತಿ ಫೈಲೂ ಡಿಸ್ಕಿಗೆ ಹೋಗುವ ಮೊದಲು ಆ ಕೆಟ್ಟ ರ‍್ಯಾಮ್ ಮೂಲಕವೇ ಹೋಗಬೇಕು. ಅಂದರೆ ಫಾರ್ಮ್ಯಾಟ್ ಆದ ಮೇಲೆ ಹೊಸ ವಿಂಡೋಸ್ ಕೂಡ ಹಾಳಾಗಿರಬಹುದು. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಮತ್ತೆ ಬ್ಲೂ ಸ್ಕ್ರೀನ್.

ಆದರೆ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಬ್ಲೂ ಸ್ಕ್ರೀನ್ ಅಲ್ಲ, ಒಂದು ಅಕ್ಷರ. ಪುಟ ಕಟ್ಟುತ್ತಿದ್ದ ಪುಸ್ತಕದಲ್ಲಿ 'ಹಾಲು ಕಾಯಿಸಿ' ಎಂದಿದ್ದ ಕಡೆ 'ಸಾಲು ಕಾಯಿಸಿ' ಎಂದಿತ್ತು. ಹಿಂದಿನ ವಾರ ತೆಗೆದ ಪ್ರಿಂಟಿನಲ್ಲಿ ಅದು ಸರಿಯಾಗಿಯೇ ಇತ್ತು. ಆ ಪುಟವನ್ನು ನಾನು ಆಮೇಲೆ ಮುಟ್ಟಿರಲಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಹ ಅಕ್ಷರದ ಸಂಖ್ಯೆ 0ಸಿಬಿ9, ಸ ಅಕ್ಷರದ್ದು 0ಸಿಬಿ8. ಎರಡರ ನಡುವೆ ಇರುವುದು ಒಂದೇ ಒಂದು ಬಿಟ್ (0 ಅಥವಾ 1) ವ್ಯತ್ಯಾಸ: ಕಂಪ್ಯೂಟರಿನ ಲೆಕ್ಕದಲ್ಲಿ 9 ಅಂದರೆ 1001, 8 ಅಂದರೆ 1000. ಕೊನೆಯ 1 ಹೋಗಿ 0 ಆದರೆ ಹಾಲು ಸಾಲಾಗುತ್ತದೆ. ಲ ಮತ್ತು ಳ ಕೂಡ ಹಾಗೆಯೇ. ಬಲೆ ಇದ್ದದ್ದು ಬಳೆಯಾಗಲು ಒಂದು ಬಿಟ್ ಸಾಕು. ಸ್ಪೆಲ್‌ಚೆಕ್ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ ಅಲ್ವಾ. ಕ್ರ್ಯಾಶ್ ಆದರೆ ಗೊತ್ತಾದರೂ ಆಗುತ್ತದೆ. ಇದು ಸದ್ದಿಲ್ಲದೆ ಸೇವ್ ಆಗಿಬಿಡುತ್ತದೆ.

ಕೊನೆಗೆ ನಾನೇ ಕುಳಿತು ಪರೀಕ್ಷೆ ಮಾಡಿದೆ. ವಿಂಡೋಸಿನಲ್ಲೇ ಒಂದು ಮೆಮೊರಿ ಪರೀಕ್ಷೆ ಇದೆ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂದು ಹುಡುಕಿದರೆ ಸಿಗುತ್ತದೆ. ಅದು ನನ್ನ ರ‍್ಯಾಮ್‌ನಲ್ಲಿ ದೋಷವೇ ಇಲ್ಲ ಎಂದಿತು. ಇಲ್ಲಿ ಜಾಸ್ತಿ ಜನ ನಿಲ್ಲಿಸಿಬಿಡುತ್ತಾರೆ. ಅದು ತಾನಾಗಿ ಮಾಡುವುದು ಸ್ಟ್ಯಾಂಡರ್ಡ್ ಪರೀಕ್ಷೆ ಮಾತ್ರ. ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಿಕೊಂಡರೆ ಇನ್ನೂ ಆಳಕ್ಕೆ ಹೋಗುತ್ತದೆ. ನಾನು ಮೆಮ್‌ಟೆಸ್ಟ್86+ ಎಂಬ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿ, ರಾತ್ರಿ ಪೂರ್ತಿ ಓಡಲು ಬಿಟ್ಟೆ. ಅದಕ್ಕೂ ಮೊದಲು, ವಿಂಡೋಸ್ ಶುರುವಾಗುವ ಮುಂಚೆಯೇ ತೆರೆಯುವ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿದೆ. ಎಕ್ಸ್‌ಎಂಪಿ ಇದ್ದರೆ ರ‍್ಯಾಮ್ ಜಾಸ್ತಿ ವೇಗದಲ್ಲಿ ಓಡುತ್ತದೆ. ಆ ವೇಗ ತಡೆಯಲಾರದೆ ತಪ್ಪು ಮಾಡುತ್ತಿದೆಯೋ, ಸ್ಟಿಕ್ಕೇ ಕೆಟ್ಟಿದೆಯೋ ಎಂದು ಬೇರೆ ಮಾಡಿ ನೋಡಲು ಹೀಗೆ ಮಾಡಬೇಕು.

ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ಮೆಮೊರಿಗೆ ಬರೆದು ಮತ್ತೆ ಓದಿದ ಸಂಖ್ಯೆಯಲ್ಲಿ ಹದಿನಾರೂ ಎಫ್ ಇರಬೇಕಾದ ಕಡೆ ಹದಿನೈದು ಎಫ್, ಒಂದು ಇ. ಎಫ್ ಅಂದರೆ ನಾಲ್ಕೂ ಬಿಟ್ 1. ಇ ಅಂದರೆ ಅವುಗಳಲ್ಲಿ ಕೊನೆಯದು 0. ಪ್ರತಿ ಸಾಲಿನಲ್ಲೂ ಅದೇ ಜಾಗದಲ್ಲಿ ಅದೇ ಇ. ಹಾಲನ್ನು ಸಾಲು ಮಾಡಿದ್ದೂ ಇಂಥದೇ ಬದಲಾವಣೆ. ಪರದೆಯ ಮುಂದೆ ತುಂಬ ಹೊತ್ತು ಹಾಗೇ ನಿಂತಿದ್ದೆ.

ಯಾವ ಸ್ಟಿಕ್ ಎಂದು ಕಂಡುಹಿಡಿಯುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೆ. ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹೋಗಲು ಬಿಟ್ಟೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಂಡೆ. ಸ್ಟಿಕ್‌ಗಳಿಗೆ 'ಅ', 'ಆ' ಎಂದು ಚೀಟಿ ಅಂಟಿಸಿದೆ. ಒಂದೇ ಸ್ಲಾಟಿನಲ್ಲಿ ಒಂದಾದ ಮೇಲೆ ಒಂದನ್ನು ಹಾಕಿ ಪರೀಕ್ಷೆ ಮಾಡಿದೆ. 'ಅ' ಸ್ಟಿಕ್ ಒಂದು ರಾತ್ರಿ ಪೂರ್ತಿ ಓಡಿದರೂ ತಪ್ಪಿಲ್ಲ. 'ಆ' ಸ್ಟಿಕ್ ಹಾಕಿದರೆ ಇಪ್ಪತ್ತೇ ನಿಮಿಷದಲ್ಲಿ ಕೆಂಪು ಸಾಲು. ಆಮೇಲೆ 'ಅ' ಸ್ಟಿಕ್ಕನ್ನು ಇನ್ನೊಂದು ಸ್ಲಾಟಿಗೂ ಹಾಕಿ ನೋಡಿದೆ, ಸರಿಯಿತ್ತು. ಎರಡೂ ಸ್ಟಿಕ್ ಒಂದೇ ಸ್ಲಾಟಿನಲ್ಲಿ ತಪ್ಪು ತೋರಿಸಿ, ಇನ್ನೊಂದರಲ್ಲಿ ಸರಿಯಿದ್ದಿದ್ದರೆ ದೋಷ ಸ್ಲಾಟಿನದೋ ಮದರ್‌ಬೋರ್ಡಿನದೋ ಆಗಿರುತ್ತಿತ್ತು. ಎಷ್ಟೋ ಸಲ ಸ್ಟಿಕ್ ಸರಿಯಾಗಿ ಕೂತಿರುವುದೇ ಇಲ್ಲ. ತೆಗೆದು, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದರೆ ಸರಿಹೋಗುವುದೂ ಉಂಟು.

ಇದು ಯಾರಿಗೋ ಒಬ್ಬರಿಗೆ ಆಗುವ ತೊಂದರೆಯಲ್ಲ. ಗೂಗಲ್ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ತಪ್ಪು ಕಂಡಿತ್ತು. ಸರ್ವರ್‌ಗಳಲ್ಲಿ ಇಸಿಸಿ ರ‍್ಯಾಮ್ ಇರುತ್ತದೆ. 64 ಬಿಟ್‌ಗೆ ಸಾಮಾನ್ಯವಾಗಿ 8 ಬಿಟ್ ಜಾಸ್ತಿ ಇಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ಅದೇ ತಿದ್ದುತ್ತದೆ. ನಮ್ಮಂಥವರ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಸ್ಟಿಕ್ ಬದಲಾಯಿಸಿದ ಮೇಲೆ ಒಂದು ಸಲವೂ ಬ್ಲೂ ಸ್ಕ್ರೀನ್ ಬಂದಿಲ್ಲ. ಆದರೆ ಆ ಪುಸ್ತಕದ 240 ಪುಟಗಳನ್ನು ಹಳೆಯ ಪ್ರಿಂಟಿನ ಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಬೇಕಾಯಿತು. ಬ್ಯಾಕಪ್ ಇತ್ತು, ನಿಜ. ಅದನ್ನೂ ಇದೇ ಕಂಪ್ಯೂಟರಿನಿಂದ ತೆಗೆದಿದ್ದೆ. ಅದನ್ನು ಹೇಗೆ ನಂಬಲಿ?

ಅಂಕಣ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೇ. ಪದೇ ಪದೇ ಕ್ರ್ಯಾಶ್ ಆಗುವ ಕಂಪ್ಯೂಟರಿಗೆ ಫಾರ್ಮ್ಯಾಟ್ ಹೇಳುವ ಮೊದಲು ರ‍್ಯಾಮ್ ಪರೀಕ್ಷೆ ಹೇಳಿ. ದಯವಿಟ್ಟು ಮುಂದಿನ ವಾರವೇ ಇದನ್ನು ಸೇರಿಸಿ ಬರೆಯಿರಿ. ಪ್ರಶ್ನೆ ಕೇಳಿದ ಓದುಗರು ಇನ್ನೂ ಫಾರ್ಮ್ಯಾಟ್ ಮಾಡಿಸಿರದಿದ್ದರೆ, ಇವತ್ತು ರಾತ್ರಿಯೇ ಪರೀಕ್ಷೆಗೆ ಬಿಟ್ಟು ಮಲಗಲಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ, ಆ ಸ್ಟಿಕ್ ತೆಗೆಯುವವರೆಗೆ ಬೇಕಾದ ಯಾವ ಫೈಲನ್ನೂ ಅದರಲ್ಲಿ ತೆರೆದು ಸೇವ್ ಮಾಡದಿರಲಿ.

ಇಂತಿ,
ಡಿಟಿಪಿ ಕೆಲಸ ಮಾಡುವ ಒಬ್ಬ ಓದುಗಿ