ಈ ಭಾನುವಾರ: ಆಲ್ಬಮ್‌ಗೆ ಸೇರದೆ ಉಳಿದ ಹಾಡುಗಳು

ಎಲ್ಲರಿಗೂ ನಮಸ್ಕಾರ. ಒಳ್ಳೆಯ ಹಾಡನ್ನೂ ಸಂಗೀತಗಾರರು ಆಲ್ಬಮ್‌ನಿಂದ ಯಾಕೆ ಕೈಬಿಡುತ್ತಾರೆ ಅನ್ನೋದು ಈ ಭಾನುವಾರ ಸಂಜೆಯ ವಿಷಯ. ಬರುವ ಮುಂಚೆ ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ತಂಡದ 'ಸಿಲ್ವರ್ ಸ್ಪ್ರಿಂಗ್ಸ್' ಕೇಳಿಕೊಂಡು ಬನ್ನಿ, ದಯವಿಟ್ಟು ಇಯರ್‌ಫೋನ್ ಹಾಕಿಕೊಂಡು.

ತಂಡದ ಗಾಯಕಿ ಸ್ಟೀವಿ ನಿಕ್ಸ್ ಬರೆದ ಈ ಹಾಡು 1977ರ ಆಲ್ಬಮ್ 'ರೂಮರ್ಸ್'‌ನಲ್ಲಿ ಇರಬೇಕಿತ್ತು. ಹೊರಗಿಡಲು ಮುಖ್ಯ ಕಾರಣ ಅದರ ಉದ್ದ. ಎಲ್‌ಪಿಯ (ದೊಡ್ಡ ಗ್ರಾಮಫೋನ್ ತಟ್ಟೆಯ) ಒಂದು ಬದಿ ಸುಮಾರು 22 ನಿಮಿಷ ದಾಟಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು; ದನಿ ಸಣ್ಣದಾಗುತ್ತದೆ, ಬಾಸ್ ಸೊರಗುತ್ತದೆ. ಹಾಗಾಗಿ ನಿಕ್ಸ್ ಅವರದೇ ಇನ್ನೊಂದು ಚಿಕ್ಕ ಹಾಡು ಒಳಗೆ ಬಂತು, ಇದು 'ಗೋ ಯುವರ್ ಓನ್ ವೇ' ಸಿಂಗಲ್‌ನ (ಬದಿಗೊಂದು ಹಾಡಿನ ಚಿಕ್ಕ ತಟ್ಟೆಯ) ಹಿಂಬದಿಗೆ ಹೋಯಿತು. ಮುಂಬದಿಯ ಹಾಡು ತಂಡದ ಗಿಟಾರ್ ವಾದಕ, ನಿಕ್ಸ್ ಅವರ ಮಾಜಿ ಸಂಗಾತಿ ಲಿಂಡ್ಸೆ ಬಕಿಂಗ್‌ಹ್ಯಾಮ್ ನಿಕ್ಸ್ ಅವರನ್ನು ನೆನೆದು ಬರೆದದ್ದು, ಹಿಂಬದಿಯದು ಬಕಿಂಗ್‌ಹ್ಯಾಮ್ ಅವರಿಗೆ ನಿಕ್ಸ್ ಕೊಟ್ಟ ಉತ್ತರ. ಒಂದೇ ತಟ್ಟೆಯಲ್ಲಿ ಇಬ್ಬರ ಅಗಲಿಕೆ! 1997ರ 'ದಿ ಡ್ಯಾನ್ಸ್' ಕಛೇರಿಯ ವಿಡಿಯೋ ಸಿಕ್ಕರೆ 'ಸಿಲ್ವರ್ ಸ್ಪ್ರಿಂಗ್ಸ್' ಹಾಡಿನ ಕೊನೆಯ ಭಾಗ ತಪ್ಪದೇ ನೋಡಿ. ನಿಕ್ಸ್ ಬಕಿಂಗ್‌ಹ್ಯಾಮ್ ಕಡೆಗೇ ತಿರುಗಿ ಹಾಡುತ್ತಾರೆ.

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕಥೆ ಬೇರೆ. 1978ರ 'ಡಾರ್ಕ್‌ನೆಸ್ ಆನ್ ದಿ ಎಡ್ಜ್ ಆಫ್ ಟೌನ್' ಆಲ್ಬಮ್‌ನ ಗಂಭೀರ ಭಾವಕ್ಕೆ ಹೊಂದದ್ದನ್ನೆಲ್ಲ ಅವರೇ ಬದಿಗಿಟ್ಟರು. ಅರ್ಧ ಬರೆದಿದ್ದ 'ಬಿಕಾಸ್ ದ ನೈಟ್' ಗಾಯಕಿ ಪ್ಯಾಟಿ ಸ್ಮಿತ್ ಕೈಸೇರಿ ದೊಡ್ಡ ಹಿಟ್ ಆಯಿತು. ಉಳಿದ ಹಲವು ಹಾಡುಗಳು 2010ರಲ್ಲಿ 'ದಿ ಪ್ರಾಮಿಸ್' ಆಲ್ಬಮ್ ಆಗಿ ಬಂದವು. ನನ್ನ ಮಟ್ಟಿಗೆ ಸ್ಪ್ರಿಂಗ್‌ಸ್ಟೀನ್ ಮಾಡಿದ್ದು ಸರಿ, 'ಸಿಲ್ವರ್ ಸ್ಪ್ರಿಂಗ್ಸ್' ಬಿಟ್ಟದ್ದು ಮಾತ್ರ ಇಂದಿಗೂ ಅನ್ಯಾಯ.

ನಿಮ್ಮ ಉದಾಹರಣೆಗಳನ್ನು ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಫೈಲ್ ಬೇಡ, ಲಿಂಕ್ ಸಾಕು.